ಹೆತ್ತವಳಿಗೆ ವಿರಾಮ ಬೇಡವೇ?

ಒಂದು ಪಾಳಿ ಮುಗಿಸಿದ ಕಾರ್ಮಿಕನನ್ನು ಉಸಿರಾಡಲೂ ಬಿಡದೆ ಎರಡನೆಯ ಪಾಳಿಗೆ ನಿಲ್ಲಿಸಿದರೆ ನಾವು ಸುಮ್ಮನಿರುತ್ತೇವೆಯೇ? ಗಿರಣಿಯ ಬಾಗಿಲಲ್ಲಿ ಘೋಷಣೆ ಕೂಗುತ್ತೇವೆ, ಕರಪತ್ರ ಹಂಚುತ್ತೇವೆ. ಆದರೆ ಒಂದು ಹೆರಿಗೆಯ ನಿಶ್ಶಕ್ತಿ ಕಳೆಯುವ ಮೊದಲೇ ಮತ್ತೊಂದು ಬಸಿರು ಹೊತ್ತ ನಮ್ಮ ಮನೆಯ ಹೆಣ್ಣಿನ ಪರವಾಗಿ ಬಾಯಿ ತೆರೆದವರು ನಮ್ಮಲ್ಲಿ ಎಷ್ಟು ಮಂದಿ?

“ಇದು ಗಂಡ ಹೆಂಡಿರ ವಿಚಾರ, ಪಕ್ಷದ ಪತ್ರಿಕೆಗೇಕೆ?” ಎಂದು ಕೆಲವು ಸಂಗಾತಿಗಳು ಕೇಳುವರು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಹಾಜರಿ ಪುಸ್ತಕದಲ್ಲೇ ನಾವು ಇದಕ್ಕೆ ಉತ್ತರ ಕಂಡಿದ್ದೇವೆ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ವಾರಗಟ್ಟಲೆ ಬರಲಿಲ್ಲ. ಮನೆಗೆ ಹೋಗಿ ನೋಡಿದರೆ ತಾಯಿ ಬಾಣಂತಿ. ಆಗಷ್ಟೇ ಹೆಜ್ಜೆಯಿಡುತ್ತಿದ್ದ ಹಿಂದಿನ ಕೂಸು ಈ ಹುಡುಗಿಯ ಸೊಂಟದ ಮೇಲೆ. ಅವಳು ಮತ್ತೆ ಶಾಲೆಗೆ ಬರಲೇ ಇಲ್ಲ. ಇದು ಬರೀ ಗಂಡ ಹೆಂಡಿರ ವಿಚಾರವಾಗಿದ್ದರೆ ಅದರ ದಂಡವನ್ನು ಆ ಹುಡುಗಿ ತೆತ್ತದ್ದೇಕೆ?

ಒಂದು ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳು ತಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಎರಡು ಮಕ್ಕಳ ನಡುವೆ ಹೆಚ್ಚುಕಡಿಮೆ ಮೂರು ವರ್ಷ. ಅಂತರ ತೀರ ಕಡಿಮೆಯಾದರೆ ತಾಯಿಯ ರಕ್ತಹೀನತೆ ನೀಗದು. ಕೂಸು ದಿನ ತುಂಬದೆ, ತೂಕವಿಲ್ಲದೆ ಹುಟ್ಟುವ ಅಪಾಯ ಹೆಚ್ಚು. ಹಳೆಯ ಸಾಲ ತೀರುವ ಮೊದಲು ಹೊಸ ಸಾಲ ಹೊತ್ತರೆ ಅಂಗಡಿ ಮುಳುಗುತ್ತದೆಂದು ಬಲ್ಲ ವ್ಯಾಪಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರ ಮಾಡಿದ್ದೇನು? 1930ರಲ್ಲಿಯೇ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ ಅಪ್ಪಣೆ ಕೊಟ್ಟಿತ್ತು. 1952ರಲ್ಲಿ ದೇಶಕ್ಕೆಲ್ಲ ಕುಟುಂಬ ಯೋಜನೆ ಬಂತು. ಆದರೆ ಆಳುವವರಿಗೆ ತಲೆ ಎಣಿಸುವ ಆತುರವೇ ಹೊರತು ತಾಯಿಯ ವಿರಾಮದ ಚಿಂತೆ ಇರಲಿಲ್ಲ. 1976ರ ತುರ್ತು ಪರಿಸ್ಥಿತಿಯಲ್ಲಿ ಬಡ ಗಂಡಸರನ್ನು ಬಲವಂತದಿಂದ ಶಸ್ತ್ರಚಿಕಿತ್ಸೆಗೆ ಎಳೆದರು. ಆಮೇಲೆ ಹೊರೆಯೆಲ್ಲ ಹೆಂಗಸಿನ ಮೇಲೆ ಬಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರು ದಂಪತಿಗಳಲ್ಲಿ ಸುಮಾರು 38 ಕಡೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವಳು ಹೆಂಡತಿ. ಗಂಡ ಮಾಡಿಸಿಕೊಂಡದ್ದು ಸಾವಿರಕ್ಕೆ ಮೂರು ಕಡೆ! ಬೆನ್ನುಬೆನ್ನಿಗೆ ಎರಡು ಹೆತ್ತು ಆಪರೇಷನ್ ಮಂಚ ಹತ್ತುವುದಕ್ಕೆ ಯೋಜನೆಯೆಂಬ ಹೆಸರೇಕೆ? ನಿಲ್ಲಿಸುವುದು ಬೇರೆ, ಅಂತರವಿಡುವುದು ಬೇರೆ.

ಮಾಲೀಕರ ಪಾಲೂ ಇದರಲ್ಲಿದೆ. 2017ರ ತಿದ್ದುಪಡಿಯಿಂದ ಮೊದಲೆರಡು ಹೆರಿಗೆಗೆ 26 ವಾರಗಳ ಸಂಬಳದ ರಜೆ, 50 ಮತ್ತು ಹೆಚ್ಚು ಜನ ದುಡಿಯುವಲ್ಲಿ ಶಿಶುಗೃಹ ಎಂದು ಕಾನೂನಾಯಿತು. ಗುತ್ತಿಗೆಯ ಹೆಣ್ಣುಮಗಳು ಅದನ್ನು ಕೇಳಿದರೆ ನಾಳೆಯಿಂದ ಬರಬೇಡ ಎನ್ನುವ ಮೇಸ್ತ್ರಿಗಳಿಗೆ ಕೊರತೆಯಿಲ್ಲ. ಅಂಗಡಿಯಲ್ಲಿ ಗಂಡನ ಜೊತೆ ತಕ್ಕಡಿ ಹಿಡಿಯುವವಳಿಗಂತೂ ಆ ರಜೆಯೂ ಇಲ್ಲ. ಹೀಗಾಗಿ, “ಕೆಲಸ ಹೇಗೂ ಹೋಯಿತು, ಎರಡನ್ನೂ ಒಟ್ಟಿಗೆ ಹೆತ್ತು ಮುಗಿಸಿಬಿಡೋಣ” ಎಂದು ಹೆಣ್ಣುಮಕ್ಕಳು ಲೆಕ್ಕ ಹಾಕುತ್ತಾರೆ. ಇದು ಅವಿವೇಕವಲ್ಲ, ನಿರುಪಾಯ.

ಇನ್ನು ನಮ್ಮ ತಪ್ಪು. ಮೊದಲನೆಯದು ಹೆಣ್ಣಾದರೆ ವರ್ಷದೊಳಗೆ ಗಂಡು ಬೇಕೆನ್ನುವ ಅವಸರ ಯಾವ ಬಂಡವಾಳಗಾರ ಹೇರಿದ್ದು? ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎನ್ನುವವರು ಕೂಲಿ ಹೆಚ್ಚಿಸಲು ದೇವರನ್ನು ಕಾಯುವುದಿಲ್ಲ, ಮುಷ್ಕರ ಹೂಡುತ್ತಾರೆ! ನಿರೋಧ್, ಕಾಪರ್-ಟಿ, ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು ಸರ್ಕಾರಿ ಯೋಜನೆಯಲ್ಲಿ ಉಚಿತ. ಹೆಂಡತಿಯ ಜೊತೆಗೆ ಆಸ್ಪತ್ರೆಗೆ ಹೋಗಿ ಕೇಳಲು ನಾಚಿಕೆಯೇಕೆ?

ರಜೆ ಕೊಡಿ, ಶಿಶುಗೃಹ ತೆರೆಯಿರಿ ಎಂದು ಗಿರಣಿಯ ಬಾಗಿಲಲ್ಲಿ ಕೇಳೋಣ. ಆದರೆ ಅಂತರ ಎಷ್ಟಿರಬೇಕೆಂಬ ತೀರ್ಮಾನ ಸರ್ಕಾರದ್ದಲ್ಲ, ಮಾಲೀಕನದಲ್ಲ, ಅತ್ತೆಮಾವಂದಿರದೂ ಅಲ್ಲ. ಅದು ದಂಪತಿಗಳದು, ಅದರಲ್ಲೂ ಮೊದಲ ಮಾತು ಹೊರುವವಳದು. ಬಂಧುಗಳೇ, ಮುಂದಿನ ಸಭೆಗೆ ಬರುವ ಮೊದಲು ಆ ಮಾತನ್ನು ಮನೆಯಲ್ಲಿ ಕೇಳಿಕೊಂಡು ಬನ್ನಿ.