ಕಾಲೇಜೂ ಬೇಕು, ತಾಲೂಕು ದವಾಖಾನೆಗೆ ತಾಲೀಮೂ ಬೇಕು

ವಿಜಯಪುರಕ್ಕೆ ಪೂರ್ಣ ಸರಕಾರಿ ವೈದ್ಯಕೀಯ ಕಾಲೇಜು ಬೇಕು, ಖಾಸಗಿ ಸಹಭಾಗಿತ್ವ ಬೇಡ ಎಂದು 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ಧರಣಿಯ ಬೇಡಿಕೆ ನ್ಯಾಯವಾದದ್ದು. ಆದರೆ ಆ ಜಟಾಪಟಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತಾಲೂಕು ಆಸ್ಪತ್ರೆಗಳ ಮಾತು ಮೂಲೆ ಸೇರಿದೆ. ಕಾಲೇಜು ಎದ್ದು ನಿಲ್ಲಲು ವರ್ಷಗಳು ಬೇಕು, ಅನಾಹುತಗಳು ಅಲ್ಲಿಯವರೆಗೆ ಕಾಯುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎರಡು ವರ್ಷದ ಕೂಸು ಸುಮಾರು 20 ಗಂಟೆಗಳ ಮೇಲೆ ಜೀವಂತವಾಗಿ ಹೊರಬಂತು. ನಾಡೇ ನಿಟ್ಟುಸಿರು ಬಿಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತಾಳಿಕೋಟೆ ಹತ್ತಿರದ ಬಿಳೇಭಾವಿ ಕ್ರಾಸ್‌ನಲ್ಲಿ ಕಾರಿಗೂ ಕಟಾವು ಯಂತ್ರಕ್ಕೂ ಡಿಕ್ಕಿಯಾಗಿ ಐವರು, 2025ರ ಮೇ ತಿಂಗಳಲ್ಲಿ ಮನಗೂಳಿ ಬಳಿಯ ಹೆದ್ದಾರಿಯಲ್ಲಿ ಆರು ಮಂದಿ ಪ್ರಾಣ ಬಿಟ್ಟರು. ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರ, ಕಬ್ಬಿನ ಹಂಗಾಮಿನ ಟ್ರ್ಯಾಕ್ಟರ್‌ಗಳು, ಸಕ್ಕರೆ ಕಾರ್ಖಾನೆಗಳ ಬಾಯ್ಲರ್‌ಗಳು ಎಲ್ಲವೂ ಈ ಸೀಮೆಯಲ್ಲೇ ಇವೆ. ಇಂಥ ಅನಾಹುತ ಒಂದೊಂದು ಆಸ್ಪತ್ರೆಗೆ ಅಪರೂಪಕ್ಕೆ ಬರುತ್ತದೆ. ಅಪರೂಪವಾದ್ದರಿಂದಲೇ ಅಲ್ಲಿನ ಕೈಗಳಿಗೆ ಅದು ರೂಢಿಯಾಗಿರುವುದಿಲ್ಲ.

ಈ ಪಟ್ಟಣಗಳಲ್ಲಿ ಗಾಯಾಳುವಿನ ಮನೆಯವರು ಹೆಚ್ಚಾಗಿ ಕೇಳುವ ಮಾತು, 'ಬಿಜಾಪುರಕ್ಕ ಒಯ್ಯಿರಿ'. ದೊಡ್ಡ ಶಸ್ತ್ರಚಿಕಿತ್ಸೆಗೆ ಒಯ್ಯಲೇಬೇಕು, ನಿಜ. ಆದರೆ ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಒಂದು ತಾಸಿಗೂ ಹೆಚ್ಚಿನ ಹಾದಿ. ಆಂಬುಲೆನ್ಸ್ ಹೊರಡುವ ಮುಂಚಿನ ಹದಿನೈದು ನಿಮಿಷದಲ್ಲಿ ಉಸಿರಿನ ದಾರಿ ತೆರವಾಗಬೇಕು, ಸುರಿಯುವ ರಕ್ತ ನಿಲ್ಲಬೇಕು, ಎದೆಯಲ್ಲಿ ಗಾಳಿ ತುಂಬಿ ಶ್ವಾಸಕೋಶ ಒತ್ತಿಹೋಗಿದ್ದರೆ ಸೂಜಿ ಚುಚ್ಚಿ ಬಿಡಿಸಬೇಕು. 40 ದೇಶಗಳ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ 'ಕ್ರಾಶ್-2' ಅಧ್ಯಯನ, ಟ್ರಾನೆಕ್ಸಾಮಿಕ್ ಆಮ್ಲವೆಂಬ ಅಗ್ಗದ ಚುಚ್ಚುಮದ್ದು ರಕ್ತಸ್ರಾವದ ಸಾವು ತಗ್ಗಿಸುತ್ತದೆಂದು ತೋರಿಸಿತು. ಅದನ್ನು ಮೊದಲ ತಾಸಿನಲ್ಲಿ ಕೊಟ್ಟರೆ ಲಾಭ ಹೆಚ್ಚು. ಮೂರು ತಾಸು ದಾಟಿದ ಮೇಲೆ ಕೊಟ್ಟರೆ ಕೆಡುಕೂ ಆದೀತು. ಔಷಧ ಕಪಾಟಿನಲ್ಲಿದೆ. ಕಪಾಟಿನ ಕೀಲಿ ಯಾರ ಹತ್ತಿರ? ಸಿಲಿಂಡರ್ ತೆರೆಯುವ ಪಾನಾ ಎಲ್ಲಿ? ಸಕ್ಷನ್ ಯಂತ್ರ ಕರೆಂಟ್ ಹೋದಾಗ ನಡೆಯುತ್ತದೆಯೇ? ನಾಲ್ಕು ಗಾಯಾಳುಗಳು ಒಟ್ಟಿಗೆ ಬಂದರೆ ಮೊದಲು ಯಾರನ್ನು ನೋಡಬೇಕೆಂದು ಹೇಳುವವರು ಯಾರು? ಇದಕ್ಕೆಲ್ಲ ಉತ್ತರ ಸಿಗಬೇಕಾದರೆ ವೈದ್ಯರು, ನರ್ಸ್‌ಗಳು, ಡಿ ದರ್ಜೆ ನೌಕರರು, 108ರ ಸಿಬ್ಬಂದಿ ತಮ್ಮದೇ ತುರ್ತು ಕೋಣೆಯಲ್ಲಿ, ತಮ್ಮದೇ ಸಾಮಾನು ಹಿಡಿದು, ಗಾಯಾಳು ಬಂದಂತೆಯೇ ತಾಲೀಮು ನಡೆಸಬೇಕು. ವೈದ್ಯಕೀಯದಲ್ಲಿ ಸಿಮ್ಯುಲೇಷನ್ ಅನ್ನುವುದು ಇದನ್ನೇ.

'ಹುದ್ದೆಗಳೇ ಖಾಲಿ ಇರುವಾಗ ಈ ನಾಟಕ ಯಾಕೆ?' ಎಂಬ ಆಕ್ಷೇಪದಲ್ಲಿ ಸಿಟ್ಟಿದೆ, ಆ ಸಿಟ್ಟಿಗೆ ಕಾರಣವೂ ಇದೆ. ಹುದ್ದೆ ತುಂಬುವ ಹೊಣೆ ಸರಕಾರದ್ದು. ತಾಲೀಮನ್ನು ಅದಕ್ಕೆ ಬದಲಿಯಾಗಿ ತೋರಿಸಿದರೆ ನಾನೂ ವಿರೋಧಿಸುತ್ತೇನೆ. ಆದರೆ ಹತ್ತು ಜನರ ಕೆಲಸಕ್ಕೆ ನಾಲ್ವರೇ ಇರುವ ಕಡೆ ಯಾರು ಏನು ಮಾಡಬೇಕೆಂಬುದು ಇನ್ನೂ ನಿಚ್ಚಳವಾಗಿರಬೇಕು. ಮೇಲಾಗಿ, ಅರಿವಳಿಕೆ ತಜ್ಞರಿಲ್ಲದೆ ತಾಲೀಮು ಅರ್ಧಕ್ಕೆ ನಿಂತಿತೆಂದು ದಾಖಲೆಯಲ್ಲಿ ಬರೆದರೆ ಅದು ಇಲಾಖೆ ತಳ್ಳಿಹಾಕಲಾಗದ ಪುರಾವೆ. ದುಡ್ಡಿನ ನೆಪ ಇನ್ನೂ ಬಡಕಲು. ಬಿಹಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದುಬಾರಿ ಬೊಂಬೆಯಿಲ್ಲದೆ, ಅದಕ್ಕೆಂದೇ ಹೊಲಿದ ಚಡ್ಡಿ ತೊಟ್ಟ ನರ್ಸ್ ಒಬ್ಬರು ಗರ್ಭಿಣಿಯಾಗಿ ನಟಿಸುವ ಮೂಲಕ ಹೆರಿಗೆಯ ತುರ್ತು ತಾಲೀಮು ನಡೆಸಿದ್ದಾರೆ.

ಸಾಕ್ಷ್ಯ ಎಷ್ಟು ಗಟ್ಟಿ ಎಂಬುದು ತೂಕದ ಪ್ರಶ್ನೆ. ಅಪರೂಪದ ಅಪಘಾತಗಳಲ್ಲಿ ತಾಲೀಮಿನಿಂದ ಇಷ್ಟು ಜೀವ ಉಳಿಯಿತೆಂದು ಲೆಕ್ಕ ಹಾಕುವುದು ಕಷ್ಟ, ಪ್ರಕರಣಗಳೇ ಕಡಿಮೆ. ಆದರೆ ಅಷ್ಟೇ ಹಠಾತ್ತಾದ ಹೆರಿಗೆ ಸಂಕಟಗಳಲ್ಲಿ ಲೆಕ್ಕ ಸಿಕ್ಕಿದೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆಯಲ್ಲಿ ಸಿಬ್ಬಂದಿಗೆಲ್ಲ ತಾಲೀಮು ಕಡ್ಡಾಯವಾದ ಮೇಲೆ, ಭುಜ ಸಿಕ್ಕಿಕೊಂಡ ಹೆರಿಗೆಗಳಲ್ಲಿ ಶಿಶುವಿಗೆ ಪೆಟ್ಟಾಗುವ ಪ್ರಮಾಣ ಶೇ 9.3ರಿಂದ 2.3ಕ್ಕೆ ಇಳಿದದ್ದು 2008ರಲ್ಲಿ ಪ್ರಕಟವಾಯಿತು. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದಲ್ಲಿ ಆಸ್ಪತ್ರೆಗೆ ಜೀವಂತ ತಲುಪಿದ ಗಾಯಾಳುಗಳೆಲ್ಲ ಬದುಕಿದರು. ಅಲ್ಲಿ ಸುಸಜ್ಜಿತ ಆಸ್ಪತ್ರೆಗಳು ಹತ್ತಿರದಲ್ಲೇ ಇದ್ದವು, ಅವು ಮೊದಲೇ ತಾಲೀಮು ನಡೆಸಿದ್ದವು ಕೂಡ. ನಮ್ಮಲ್ಲೇ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಹೃದಯಾಘಾತದ ಮೊದಲ ಚಿಕಿತ್ಸೆಯನ್ನು ತಾಲೂಕು ಆಸ್ಪತ್ರೆಯವರೇ ಕೊಡುವಂತೆ ಮಾಡಿದೆ. ಎದೆನೋವಿಗೆ ಸಾಧ್ಯವಾದದ್ದು ಗಾಯಕ್ಕೆ ಯಾಕಾಗದು?

ಭಯವಿರುವುದು ಬೇರೆ ಕಡೆ. ನಮ್ಮ ಅಣಕು ಕಾರ್ಯಾಚರಣೆಗಳು ಬ್ಯಾನರ್, ಮುಖ್ಯ ಅತಿಥಿ, ಫೋಟೋಗಳಲ್ಲಿ ಮುಗಿಯುತ್ತವೆ. ಇಲ್ಲವೇ ತಪ್ಪು ಕಂಡ ಕೂಡಲೇ ನರ್ಸ್‌ಗೆ ನೋಟಿಸ್ ಹೋಗುತ್ತದೆ. ತಾಲೀಮಿನಲ್ಲಿ ಕಂಡ ಲೋಪ ಯಾರ ಸೇವಾ ಪುಸ್ತಕಕ್ಕೂ ಹೋಗಬಾರದು, ಕ್ಯಾಮೆರಾ ಒಳಗೆ ಬರಬಾರದು. ಜಿಲ್ಲಾ ಆಸ್ಪತ್ರೆಯಿಂದ ಇಬ್ಬರು ತರಬೇತುದಾರರು ತಿಂಗಳಿಗೊಮ್ಮೆ ನಾಲ್ಕೂ ಕಡೆ ಹೋಗಲಿ. ರಾತ್ರಿ ಪಾಳಿಯವರ ಜೊತೆ ಅರ್ಧ ತಾಸು ತಾಲೀಮು, ಅರ್ಧ ತಾಸು ಚರ್ಚೆ ನಡೆಸಲಿ. ಕಂಡುಬಂದ ಕೊರತೆಗಳ ಪಟ್ಟಿ ಮರುದಿನವೇ ಜಿಲ್ಲಾ ಆರೋಗ್ಯಾಧಿಕಾರಿಯ ಮೇಜಿಗೆ ಹೋಗಲಿ, ಅವನ್ನು ಎಂದಿಗೆ ಸರಿಪಡಿಸುತ್ತಾರೆಂಬ ದಿನಾಂಕ ಆ ಪಟ್ಟಿಯ ಮೇಲೇ ಬರಲಿ.