ಗಿರಿಗಿಟ್ಟಲೆ ಏಕೆ ತಿರುಗುತ್ತದೆ?

ಜಾತ್ರೆಯಿಂದ ತಂದ ಗಿರಿಗಿಟ್ಟಲೆಯನ್ನು ಹಿಡಿದು ಓಡುವ ಮಗು ಒಂದಲ್ಲ ಒಂದು ದಿನ "ಇದು ಏಕೆ ತಿರುಗುತ್ತದೆ?" ಎಂದು ಕೇಳಿಯೇ ಕೇಳುತ್ತದೆ. "ಗಾಳಿಗೆ ತಿರುಗುತ್ತದೆ, ಸುಮ್ಮನಿರು" ಎಂದು ನಾವು ಮುಗಿಸಿಬಿಡುತ್ತೇವೆ. ಮುಂದೆ ಅದೇ ಮಗು ಬಲದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುತ್ತದೆ. ಕೇಳುವುದನ್ನು ಮಾತ್ರ ಮರೆತಿರುತ್ತದೆ. ಅನುಭವ ಮಂಟಪದಲ್ಲಿ ಸ್ತ್ರೀಪುರುಷರು, ನಾನಾ ಕಾಯಕದವರು ಕೂಡಿ ಕುಳಿತು ವಿಚಾರ ಮಾಡಿದ ಪರಂಪರೆ ನಮ್ಮದು. ಪ್ರಶ್ನೆಗೆ ಅಲ್ಲಿದ್ದ ಎಡೆ ನಮ್ಮ ಪಡಸಾಲೆಯಲ್ಲಿಯೂ ಇರಬೇಡವೇ?

ಇದಕ್ಕೆ ಖರ್ಚಿಲ್ಲ. ಹಳೆಯ ನೋಟುಪುಸ್ತಕದ ಹಾಳೆಯಿಂದ 20 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಪಟ್ಟಿಯೊಂದನ್ನು ಕತ್ತರಿಸಿಕೊಳ್ಳಿ. ಮೇಲಿನ ಅರ್ಧವನ್ನು ನಡುವೆ ಸೀಳಿ, ಒಂದು ರೆಕ್ಕೆಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಮಡಿಸಿ. ಕೆಳಗಿನ ಅರ್ಧವನ್ನು ಎರಡು ಬದಿಯಿಂದಲೂ ಒಳಕ್ಕೆ ಮಡಿಸಿ, ತುದಿಗೆ ಒಂದು ಜೆಮ್ ಕ್ಲಿಪ್ಪನ್ನು ಸಿಕ್ಕಿಸಿ. ಎತ್ತರದಿಂದ ಬಿಟ್ಟರೆ ಅದು ಗಿರನೆ ಸುತ್ತುತ್ತ ಇಳಿಯುತ್ತದೆ. ಅಷ್ಟೇ ಕಾಗದ, ಅಂಥದೇ ಕ್ಲಿಪ್ಪನ್ನು ಮುದುಡಿ ಉಂಡೆ ಮಾಡಿ ಬಿಟ್ಟರೆ ನೆಟ್ಟಗೆ ಬೀಳುತ್ತದೆ. ಭೂಮಿಯ ಸೆಳೆತ ಎರಡಕ್ಕೂ ಒಂದೇ. ಗಾಳಿಯ ತಡೆ ಮಾತ್ರ ಬೇರೆ.

ಸುತ್ತುವುದೇಕೆ? ಇಳಿಯುವಾಗ ಗಾಳಿಯು ರೆಕ್ಕೆಗಳನ್ನು ಮೇಲಕ್ಕೆ ಒತ್ತುತ್ತದೆ. ರೆಕ್ಕೆಗಳು ಕೊಂಚ ಓರೆಯಾಗಿರುವುದರಿಂದ ಆ ಒತ್ತಡದ ಒಂದು ಪಾಲು ಅವನ್ನು ಪಕ್ಕಕ್ಕೂ ತಳ್ಳುತ್ತದೆ. ಒಂದನ್ನು ಒಂದು ದಿಕ್ಕಿಗೆ, ಇನ್ನೊಂದನ್ನು ಅದರ ವಿರುದ್ಧ ದಿಕ್ಕಿಗೆ. ನಲ್ಲಿಯ ತಿರುಪನ್ನು ಹೆಬ್ಬೆರಳು, ತೋರುಬೆರಳುಗಳು ಎದುರುಬದುರಾಗಿ ತಳ್ಳಿ ತಿರುಗಿಸುವುದೂ ಹೀಗೆಯೇ. ಮಹಾಗನಿ ಮರದ ರೆಕ್ಕೆಬೀಜವೂ ಸುತ್ತುತ್ತಲೇ ನಿಧಾನವಾಗಿ ಇಳಿದು, ಗಾಳಿಯೊಡನೆ ತಾಯಿಮರದಿಂದ ದೂರ ಸಾಗುತ್ತದೆ.

ಆದರೆ ಈ ವಿವರಣೆಯನ್ನು ಮೊದಲೇ ಹೇಳಬಾರದು. ರೆಕ್ಕೆಗಳ ಮಡಿಕೆಯನ್ನು ಅದಲುಬದಲು ಮಾಡಿದರೆ ಏನಾದೀತು? ಎರಡು ಕ್ಲಿಪ್ ಹಾಕಿದರೆ? ಮಗು ಮೊದಲು ಊಹಿಸಲಿ, ಆಮೇಲೆ ಮಾಡಿ ನೋಡಲಿ. ಮಡಿಕೆ ಬದಲಾದರೆ ಸುತ್ತುವ ದಿಕ್ಕು ಬದಲಾಗುತ್ತದೆ. ಭಾರ ಹೆಚ್ಚಿದರೆ ಬೇಗ ಇಳಿದು ಬೇಗ ಸುತ್ತುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದನ್ನು ಮಾತ್ರ ಕಲಿಸಿ. ವಿಜ್ಞಾನದ ಶಿಸ್ತು ಅದರಲ್ಲಿಯೇ ಇದೆ. ಊಹೆ ತಪ್ಪಿದಾಗ ನಗಬೇಡಿ.

ಇದು ಗಂಡುಮಕ್ಕಳ ಆಟವೆಂದು ಹೆಣ್ಣುಮಗಳನ್ನು ಆ ಹೊತ್ತಿನಲ್ಲಿ ಅಡುಗೆಮನೆಗೆ ಕರೆಯುವುದೂ ಸಲ್ಲದು. ನಾವು ಹೆಚ್ಚು ಓದಿದವರಲ್ಲ, ಹೇಗೆ ಕಲಿಸುವುದೆಂದು ಯಾವ ತಂದೆತಾಯಿಯೂ ಹಿಂಜರಿಯಬೇಕಾಗಿಲ್ಲ. ಉತ್ತರ ತಿಳಿಯದಿದ್ದಾಗ "ಬಾ, ಮಾಡಿ ನೋಡೋಣ" ಎನ್ನುವುದರಲ್ಲಿ ಸಣ್ಣತನವೇನೂ ಇಲ್ಲ. ಕೈ ಮಾಡಿದ್ದನ್ನು ಕಣ್ಣು ಕಂಡು, ಕಂಡದ್ದನ್ನು ಮನಸ್ಸು ಒಪ್ಪಿದಾಗ ಮೂಡುವುದೇ ಅರಿವು. ಈ ರಜೆಯಲ್ಲಿ ಮನೆಮನೆಯಲ್ಲಿಯೂ ಒಂದು ಗಿರಿಗಿಟ್ಟಲೆ ಸುತ್ತಲಿ.