ಗೆಳೆತನ ಯಾವ ಭಾಷೆಯಲ್ಲಿ?

ಹೊರದೇಶದ ತರುಣ ತರುಣಿಯರನ್ನು ಭಾಷಾ ಸಹಾಯಕರನ್ನಾಗಿ ಕರೆಸಿಕೊಳ್ಳುವ ಪದ್ಧತಿ ಫ್ರಾನ್ಸಿನ ಶಾಲೆಗಳಲ್ಲಿ ಶುರುವಾಗಿ ನೂರು ವರ್ಷ ಮೀರಿದೆ. ಈಗಿನ ಸಾಮಾನ್ಯ ಕರಾರು ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ, ಏಳು ತಿಂಗಳದ್ದು. ವಾರಕ್ಕೆ 12 ಗಂಟೆ ತರಗತಿ, ಕೈಗೆ ಸಿಗುವುದು ತಿಂಗಳಿಗೆ ಸುಮಾರು 800 ಯೂರೊ. ಇಂಗ್ಲಿಷ್ ಸಹಾಯಕರಾಗಿ ಭಾರತದಿಂದಲೂ ಕೆಲವರು ಹೋಗುತ್ತಾರೆ. ವ್ಯಾಕರಣವನ್ನು ಕಾಯಂ ಶಿಕ್ಷಕರು ನೋಡಿಕೊಳ್ಳುತ್ತಾರೆ. ಸಹಾಯಕರ ಪಾಲಿಗೆ ಬರುವುದು ಮಕ್ಕಳನ್ನು ಮಾತಿಗೆಳೆಯುವ ಕೆಲಸ. ಹೀಗಾಗಿ ವಾರದಲ್ಲಿ ಬಿಡುವೇ ಹೆಚ್ಚು. ಆ ಬಿಡುವನ್ನು ಯಾರೊಡನೆ ಕಳೆಯಬೇಕು ಎಂಬ ವಿಷಯದಲ್ಲಿ ಪ್ರಾಮಾಣಿಕವಾದ ಭಿನ್ನಾಭಿಪ್ರಾಯಕ್ಕೆ ಜಾಗವಿದೆ. ತಮ್ಮಂತೆಯೇ ನಾನಾ ದೇಶಗಳಿಂದ ಬಂದ ಸಹಾಯಕರ ಗೆಳೆತನ ಸಾಕು ಎನ್ನುವವರಿದ್ದಾರೆ. ಅಷ್ಟಕ್ಕೇ ನಿಂತರೆ ಹೋದದ್ದೇ ವ್ಯರ್ಥ ಎನ್ನುವವರೂ ಇದ್ದಾರೆ.

ಮೊದಲನೆಯವರ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ನೇಮಕವಾಗುವುದು ಬಹುಮಟ್ಟಿಗೆ ಪ್ಯಾರಿಸ್ಸಿಗಲ್ಲ, ಭಾನುವಾರ ಅಂಗಡಿಗಳು ಮುಚ್ಚಿರುವ, ನವೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲಾಗುವ ಯಾವುದೋ ಸಣ್ಣ ಊರಿಗೆ. ಅಲ್ಲಿನ ಶಿಕ್ಷಕರು ತಮ್ಮ ತರಗತಿಗಳಿದ್ದಾಗ ಬಂದು, ಮುಗಿದೊಡನೆ ಮನೆಗೆ ಹೊರಡುವುದೇ ರೂಢಿ. ಅದರಲ್ಲಿ ಅಸೌಜನ್ಯವೇನೂ ಇಲ್ಲ. ಬ್ಯಾಂಕ್ ಖಾತೆಗೆ ವಿಳಾಸ ಬೇಕು, ಮನೆ ಬಾಡಿಗೆಗೆ ಜಾಮೀನುದಾರ ಬೇಕು, ಮೊದಲ ಸಂಬಳ ಬರುವವರೆಗೆ ಕೈಯಲ್ಲಿ ಕಾಸು ಬೇಕು. ಇವನ್ನೆಲ್ಲ ಹೋದ ತಿಂಗಳಷ್ಟೇ ಅನುಭವಿಸಿದ ಇನ್ನೊಬ್ಬ ಸಹಾಯಕನಿಗಿಂತ ಚೆನ್ನಾಗಿ ಬಲ್ಲವರು ಯಾರು? ನಡುನಡುವೆ ಎರಡೆರಡು ವಾರದ ಶಾಲಾ ರಜೆಗಳು ಬೇರೆ. ಊರಿನವರು ಆಗ ತಂತಮ್ಮ ಕುಟುಂಬದ ಜೊತೆ ಇರುತ್ತಾರೆ. ಒಂಟಿತನಕ್ಕೆ ಆ ದಿನಗಳಲ್ಲಿ ಸಿಗುವ ಮದ್ದು ಸಹಾಯಕರ ಗುಂಪೇ.

ಎದುರು ಪಕ್ಷದವರು ಇದನ್ನು ಅಲ್ಲಗಳೆಯುವುದಿಲ್ಲ. ಅವರು ಕೇಳುವುದು ಇಷ್ಟೇ: ಆ ಗುಂಪು ಆಡುವ ಭಾಷೆ ಯಾವುದು? ಬಹಳ ಸಲ ಅದು ಇಂಗ್ಲಿಷ್. ಏಳು ತಿಂಗಳು ಫ್ರಾನ್ಸಿನಲ್ಲಿದ್ದು ಬೇಕರಿಯ ಫ್ರೆಂಚನ್ನಷ್ಟೇ ಕಲಿತು ಮರಳಿದವರಿದ್ದರೆ ಆಶ್ಚರ್ಯವಿಲ್ಲ. ಅದಕ್ಕಿಂತ ಗಂಭೀರವಾದ ಇನ್ನೊಂದು ಮಾತೂ ಇದೆ. ಊರಿನ ಜಾತ್ರೆ, ಜಗಳ, ತಮಾಷೆ ಯಾವುದೂ ಗೊತ್ತಿಲ್ಲದ ಸಹಾಯಕ, ಆ ಊರಿನ ಮಕ್ಕಳನ್ನು ಯಾವ ಎಳೆ ಹಿಡಿದು ಮಾತಿಗೆಳೆದಾನು? ಬೆಂಗಳೂರಿನಲ್ಲಿ ಹತ್ತು ವರ್ಷವಿದ್ದೂ ಕನ್ನಡ ಬಾರದವರ ಬಗ್ಗೆ ನಾವು ಗೊಣಗುತ್ತೇವಲ್ಲ, ಆ ಗೊಣಗಾಟದಲ್ಲಿ ಹುರುಳಿದ್ದರೆ ಇಲ್ಲಿಯೂ ಅದನ್ನು ಒಪ್ಪಬೇಕಾಗುತ್ತದೆ.

ಆದರೆ ಬೆಂಗಳೂರಿನ ಉದಾಹರಣೆಗೆ ಇನ್ನೊಂದು ಮುಖವಿದೆ. ಬಂದವನು ಎರಡು ಮಾತು ತಡವರಿಸಿದೊಡನೆ ಅವನ ಭಾಷೆಗೆ ಹೊರಳಿಬಿಡುವವರು ನಾವೇ. ಫ್ರಾನ್ಸಿನಲ್ಲೂ, ಮುಖ್ಯವಾಗಿ ಇಂಗ್ಲಿಷ್ ಅಭ್ಯಾಸಕ್ಕೆ ಆಸೆಪಡುವ ಹರೆಯದವರಲ್ಲಿ, ಹೀಗಾಗುವುದುಂಟು. ಮೇಲಾಗಿ, ವಸಂತ ಕಳೆಯುವುದರೊಳಗೆ ಹೊರಟುಬಿಡುವ ಅತಿಥಿಗೆ ಊರಿನವರು ಯಾಕೆ ಎದೆ ತೆರೆಯಬೇಕು? ಭಾಷೆ ತಿದ್ದಿಕೊಳ್ಳಲಿಕ್ಕೆಂದು ಸ್ನೇಹ ಹುಡುಕುವುದರಲ್ಲಿ ಸ್ವಲ್ಪ ವ್ಯಾಪಾರದ ವಾಸನೆಯೂ ಇದೆ. ಸಹಾಯಕರ ನಡುವಿನ ಗೆಳೆತನಕ್ಕೆ, ಅದು ಎಷ್ಟೇ ಅಲ್ಪಾಯುವಾಗಲಿ, ಆ ಕಳಂಕವಿಲ್ಲ.

ಇಂಥ ಹುದ್ದೆಯಲ್ಲಿದ್ದವರ ಪೈಕಿ ಅತ್ಯಂತ ಪ್ರಸಿದ್ಧನಾದ ಐರಿಷ್ ಲೇಖಕ ಸ್ಯಾಮ್ಯುಯೆಲ್ ಬೆಕೆಟ್‌ನನ್ನು ಸಾಕ್ಷಿಗೆ ಕರೆದರೆ ಎರಡೂ ಕಡೆಯವರು ಅವನನ್ನು ತಮ್ಮವನೆನ್ನಬಹುದು. 1928ರಲ್ಲಿ, 22ನೇ ವಯಸ್ಸಿನಲ್ಲಿ, ಆತ ಡಬ್ಲಿನ್‌ನಿಂದ ಪ್ಯಾರಿಸ್ಸಿನ ಎಕೋಲ್ ನೋರ್ಮಾಲ್‌ಗೆ ಇಂಗ್ಲಿಷ್ ಹೇಳಿಕೊಡಲು ಬಂದ. ಎರಡು ವರ್ಷ ಇದ್ದ. ಅವನಿಗಿಂತ ಮುಂಚೆ ಅದೇ ಹುದ್ದೆಯಲ್ಲಿದ್ದ ಥಾಮಸ್ ಮೆಕ್‌ಗ್ರೀವಿಯೂ ಐರಿಷ್ ಕವಿ. ಬೆಕೆಟ್‌ನನ್ನು ಜೇಮ್ಸ್ ಜಾಯ್ಸ್ ಬಳಿ ಕರೆದೊಯ್ದವನು ಈತನೇ. ಪ್ಯಾರಿಸ್ಸಿಗೆ ಹೋಗಿ ಇಬ್ಬರು ಐರಿಷರನ್ನು ಗೆಳೆಯರನ್ನಾಗಿ ಮಾಡಿಕೊಂಡದ್ದು ನಷ್ಟವೆಂದು ಯಾರೂ ಹೇಳಲಾರರು.

ಇನ್ನೊಬ್ಬ ಗೆಳೆಯ ಫ್ರೆಂಚನಾದ ಆಲ್ಫ್ರೆಡ್ ಪೆರೋನ್. ಇವನದು ತಿರುವುಮುರುವು ಪಯಣ: ಡಬ್ಲಿನ್ನಿನ ಟ್ರಿನಿಟಿ ಕಾಲೇಜಿಗೆ ಫ್ರೆಂಚ್ ಕಲಿಸಲು ಹೋಗಿ, ಬೆಕೆಟ್‌ನ ಪರಿಚಯವಾಗಿ, ಪ್ಯಾರಿಸ್ಸಿಗೆ ಮರಳಿದವನು. ಜಾಯ್ಸ್ ಆಗ ಬರೆಯುತ್ತಿದ್ದ ಕೃತಿಯ ಒಂದು ಭಾಗವನ್ನು 1930ರಲ್ಲಿ ಇಬ್ಬರೂ ಕೂತು ಫ್ರೆಂಚಿಗೆ ತರಲು ತೊಡಗಿದರು. ಮುಂದೆ ಜರ್ಮನ್ ಆಕ್ರಮಣದ ದಿನಗಳಲ್ಲಿ ಬೆಕೆಟ್‌ನನ್ನು ಭೂಗತ ಪ್ರತಿರೋಧಕ್ಕೆ ಎಳೆದವನೂ ಪೆರೋನನೇ. 1942ರಲ್ಲಿ ಪೆರೋನ್ ಸೆರೆಯಾದಾಗ ಅವನ ಹೆಂಡತಿ ಕಳಿಸಿದ ಟೆಲಿಗ್ರಾಮಿನಿಂದ ಬೆಕೆಟ್ ತಪ್ಪಿಸಿಕೊಂಡ. ಪೆರೋನ್ 1945ರಲ್ಲಿ ಸೆರೆಶಿಬಿರದಿಂದ ಬಿಡುಗಡೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡ. ಇಂಥ ಸ್ನೇಹ ಏಳು ತಿಂಗಳಲ್ಲಿ ಬೆಳೆಯುವಂಥದ್ದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಅದು ಮೊಳೆತದ್ದು ಇಂಥದೇ ಒಂದು ತಾತ್ಕಾಲಿಕ ಕೆಲಸದಲ್ಲಿ.

ನನಗೆ ತೋರುವ ಮಟ್ಟಿಗೆ, ಗೆಳೆಯ ಯಾವ ದೇಶದವನೆಂಬುದಕ್ಕಿಂತ ಯಾವ ಭಾಷೆಯಲ್ಲಿ ಗೆಳೆಯ ಎಂಬುದು ಹೆಚ್ಚು ಮುಖ್ಯವಾಗಬಹುದು. ಇಂಗ್ಲಿಷ್ ಸಹಾಯಕರಷ್ಟೇ ಫ್ರಾನ್ಸಿಗೆ ಬರುವುದಿಲ್ಲ. ಜರ್ಮನ್‌ಗೆ ಆಸ್ಟ್ರಿಯದಿಂದ, ಸ್ಪ್ಯಾನಿಷ್‌ಗೆ ಕೊಲಂಬಿಯದಿಂದಲೂ ಬರುತ್ತಾರೆ. ಇಂಥ ಇಬ್ಬರ ಜೊತೆ ಭಾರತದವಳೊಬ್ಬಳು ಅಡುಗೆಗೆ ನಿಂತರೆ, ತಪ್ಪುತಪ್ಪಾದರೂ ಸರಿ, ಫ್ರೆಂಚಿನಲ್ಲೇ ಉಪ್ಪು ಕೇಳಬಹುದು. ತಪ್ಪಿಗೆ ಯಾರೂ ನಗುವುದಿಲ್ಲ, ಎಲ್ಲರದೂ ಎರವಲು ಭಾಷೆಯೇ. ಇಂಗ್ಲಿಷನ್ನೇ ನೆಚ್ಚಿಕೊಂಡ ಒಬ್ಬರು ಸೇರಿದರೆ ಈ ಏರ್ಪಾಟು ಮುರಿದುಬೀಳುತ್ತದೆಂಬುದು ನಿಜ. ಆ ಒಬ್ಬರು ನಾವೇ ಆಗಿರುವ ಸಂಭವ ಕಡಿಮೆಯೇನಲ್ಲ.

ಹಾಗಾಗಿ ಹೊಸದಾಗಿ ಹೋದವರು ಮೊದಲ ತಿಂಗಳು ಸಹಾಯಕರ ಗುಂಪನ್ನು ಸಂಕೋಚವಿಲ್ಲದೆ ಆತುಕೊಳ್ಳಲಿ. ಅಕ್ಟೋಬರ್ ರಜೆ ಮುಗಿದ ಮೇಲೆ ವಾರಕ್ಕೊಂದು ಸಂಜೆಯಾದರೂ ಊರಿಗೆ ಸಲ್ಲಲಿ. ಫ್ರಾನ್ಸಿನ ಚಿಕ್ಕ ಊರುಗಳಲ್ಲೂ 1901ರ ಕಾಯಿದೆಯಡಿ ನೋಂದಾಯಿಸಿದ ಸಂಘಗಳಿರುತ್ತವೆ: ಹಾಡಿನ ಮೇಳ, ಬ್ಯಾಡ್ಮಿಂಟನ್, ಬೆಟ್ಟ ಹತ್ತುವವರ ಕೂಟ. ಸದಸ್ಯರನ್ನು ಸೇರಿಸಿಕೊಳ್ಳುವ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲೇ ಮುಗಿದಿರುತ್ತದೆ, ಸಹಾಯಕರು ಬರುವುದು ಅಕ್ಟೋಬರಿಗೆ. ತಡವಾಗಿ ಹೋಗಿ ಕೇಳಿದರೂ ಬಹುಪಾಲು ಇಲ್ಲವೆನ್ನುವುದಿಲ್ಲ. ಮಂಗಳವಾರ ಸಂಜೆ ಏಳಕ್ಕೆ ಬನ್ನಿ ಎನ್ನುತ್ತಾರೆ.